ಇಲಿ ತಿಂದ ಕಳೆಬೀಜ, ಗೊಬ್ಬರದ ಮೇಲಿನ ಫೀಸು: ಅಯೋವಾದಲ್ಲಿ ಸುಸ್ಥಿರ ಕೃಷಿಗೆ ಡಿಗ್ರಿ ಬಂದಿದ್ದು ಹೆಂಗೆ

2025ರ ಜೂನ್‌ನಲ್ಲಿ ಅಮೆರಿಕದ ಅಯೋವಾ ರಾಜ್ಯದ ರಾಜಧಾನಿ ಡಿಮೊಯ್ನ್ ಮತ್ತೆ ಅದರ ಸುತ್ತಮುತ್ತಲ ಊರುಗಳ ಸುಮಾರು 6 ಲಕ್ಷ ಜನಕ್ಕೆ ಒಂದು ಆರ್ಡರ್ ಬಂತು, ಮನೆ ಮುಂದಿನ ಹುಲ್ಲಿಗೆ ಯಾರೂ ನೀರು ಬಿಡಂಗಿಲ್ಲ ಅಂತ. ಇಂಥದ್ದು ಕೇಳಿದ ತಕ್ಷಣ ನಮ್ಮ ತಲೆಗೆ ಬರೋದು ಬರ, ಬತ್ತಿದ ಬೋರ್‌ವೆಲ್ಲು, ಟ್ಯಾಂಕರ್ ರೇಟು. ಅಲ್ಲಿ ಅದ್ಯಾವುದೂ ಇರಲಿಲ್ಲ, ನದಿಲಿ ಬೇಕಾದಷ್ಟು ನೀರಿತ್ತು. ಆದ್ರೆ ಆ ನೀರಲ್ಲಿ ನೈಟ್ರೇಟ್ ಎಷ್ಟು ಏರಿತ್ತು ಅಂದ್ರೆ ಅದನ್ನ ತೆಗೆಯೋ ಪ್ಲಾಂಟು ಹಗಲು ರಾತ್ರಿ ಓಡಿದ್ರೂ ಕುಡಿಯೋಕೆ, ಸ್ನಾನಕ್ಕೆ, ಅದರ ಮೇಲೆ ಹುಲ್ಲಿಗೂ ಸಾಲುವಷ್ಟು ಶುದ್ಧ ಮಾಡೋಕೆ ಆಗ್ತಿರಲಿಲ್ಲ. ಹಂಗಾಗಿ ಹುಲ್ಲಿಗೆ ಕಟ್.

ಆ ನೈಟ್ರೇಟ್ ಬಹುಪಾಲು ಬಂದಿದ್ದು ಮೇಲಿನ ಹೊಲಗಳಿಂದ. ಆ ಹೊಲದ ರೈತರಿಗೆ ನೂರು ವರ್ಷಕ್ಕೂ ಮೇಲಿಂದ ಬೇಸಾಯ ಹೇಳ್ಕೊಡ್ತಾ ಬಂದಿರೋ ಅಯೋವಾ ಸ್ಟೇಟ್ ಯೂನಿವರ್ಸಿಟಿ ಡಿಮೊಯ್ನ್‌ನಿಂದ ಬರೀ 50 ಕಿಲೋಮೀಟರ್ ದೂರದ ಏಮ್ಸ್ ಅನ್ನೋ ಊರಲ್ಲಿದೆ. ಇನ್ನೊಂದು ವಿಷಯ, ಅಮೆರಿಕದಲ್ಲಿ ಸುಸ್ಥಿರ ಕೃಷಿ, ಅಂದ್ರೆ ಮಣ್ಣು ನೀರು ಕೆಡಿಸದೆ ಮುಂದಿನವರಿಗೂ ಉಳಿಯೋ ಹಂಗೆ ಮಾಡೋ ಬೇಸಾಯ, ಅನ್ನೋ ಹೆಸರಲ್ಲೇ ಎಂಎಸ್ಸು ಪಿಎಚ್‌ಡಿ ಎರಡನ್ನೂ ಮೊದಲು ಕೊಡೋಕೆ ಶುರು ಮಾಡಿದ್ದೂ ಇದೇ ಯೂನಿವರ್ಸಿಟಿ, 2001ರಲ್ಲಿ. ಎರಡೂ ಒಟ್ಟೊಟ್ಟಿಗೆ ಹೆಂಗೆ ನಿಜ ಆಗುತ್ತೆ ಅಂತ ನನಗೆ ಬಹಳ ದಿನ ತಲೆ ಕೆಡ್ತಿತ್ತು. ಓದ್ತಾ ಓದ್ತಾ ಗೊತ್ತಾಗಿದ್ದು ಏನಂದ್ರೆ, ಯೂನಿವರ್ಸಿಟಿಲಿ ಇಂಥದ್ದೊಂದು ನಿಲ್ಲಬೇಕು ಅಂದ್ರೆ ಸಿಲಬಸ್ ಕೊನೆಗೆ ಬರೋ ವಿಷಯ, ಅದಕ್ಕಿಂತ ಮೊದಲು ಯಾರೂ ಕಿತ್ಕೊಳ್ಳದ ಒಂದಷ್ಟು ಜಮೀನು ಬೇಕು, ವರ್ಷ ವರ್ಷ ಯಾರ ಮುಂದೇನೂ ಕೈ ಚಾಚದೆ ಬರೋ ದುಡ್ಡು ಬೇಕು. ಅಯೋವಾದಲ್ಲಿ ಒಂದು ಉಳೀತು, ಒಂದು ಹೋಯ್ತು.

ಮೊದಲು ನೈಟ್ರೇಟ್ ಕಥೆ ಕ್ಲಿಯರ್ ಮಾಡ್ಕೊಳ್ಳೋಣ, ಅದಿಲ್ಲದೆ ಮುಂದಿನದು ಯಾವುದೂ ಅರ್ಥ ಆಗಲ್ಲ. ನಾವು ಹೊಲಕ್ಕೆ ಯೂರಿಯಾ ಚೆಲ್ತೀವಿ ಅಲ್ವಾ, ಅದು ಮಣ್ಣಲ್ಲಿ ಮೊದಲು ಅಮೋನಿಯಂ ಆಗುತ್ತೆ, ಆಮೇಲೆ ಮಣ್ಣಿನ ಬ್ಯಾಕ್ಟೀರಿಯಾ ಅದನ್ನ ನೈಟ್ರೇಟ್ ಮಾಡ್ತವೆ. ಜೇಡಿ ಮಣ್ಣಿನ ಕಣಕ್ಕೆ ಇರೋದು ನೆಗೆಟಿವ್ ಚಾರ್ಜ್. ಅಮೋನಿಯಂಗೆ ಪಾಸಿಟಿವ್ ಚಾರ್ಜ್ ಇರೋದ್ರಿಂದ ಅದು ಮಣ್ಣಿಗೆ ಅಂಟ್ಕೊಂಡು ಕೂರುತ್ತೆ, ನೈಟ್ರೇಟ್‌ಗೆ ನೆಗೆಟಿವ್, ಹಂಗಾಗಿ ಮಣ್ಣು ಅದನ್ನ ಹಿಡ್ಕೊಳ್ಳೋದೇ ಇಲ್ಲ, ಮಳೆ ನೀರು ಎತ್ತ ಹೋದ್ರೆ ಅತ್ತ ಹೋಗುತ್ತೆ. ಪಾನಕದಲ್ಲಿ ಕರಗಿದ ಬೆಲ್ಲ ಬಟ್ಟೆಲಿ ಸೋಸಿದ್ರೆ ನಿಲ್ಲುತ್ತಾ, ಹಂಗೆ. ಹೊಲದಲ್ಲೇ ಅದನ್ನ ತಡೆಯೋಕೆ ಇರೋ ಮುಖ್ಯ ದಾರಿ, ಬೇರು. ಯಾವುದಾದ್ರೂ ಗಿಡದ ಬೇರು ಅಲ್ಲಿದ್ದು ಹೀರ್ಕೊಂಡ್ರೆ ಉಂಟು, ಇಲ್ಲಾಂದ್ರೆ ಇಲ್ಲ.

ಅಯೋವಾದಲ್ಲಿ ಆಗೋದು ಇಲ್ಲೇ. ಅಲ್ಲಿ ಎಲ್ಲಿ ನೋಡಿದ್ರೂ ಮುಸುಕಿನ ಜೋಳ, ಸೋಯಾಬೀನ್, ಮತ್ತೆ ಮುಸುಕಿನ ಜೋಳ. ಎರಡೂ ಸೇರಿ ಸುಮಾರು 2.3 ಕೋಟಿ ಎಕರೆ. ಕರ್ನಾಟಕದ ಮುಕ್ಕಾಲು ಪಾಲಿನಷ್ಟು ದೊಡ್ಡ ರಾಜ್ಯ, ಜನ ಬರೀ 32 ಲಕ್ಷ, ಹಂದಿಗಳೇ 2 ಕೋಟಿ ಮೇಲಿದಾವೆ. ಈ ಎರಡೂ ಬೆಳೆ ಜೋರಾಗಿ ಕುಡಿಯೋದು ಜೂನ್‌ನಿಂದ ಆಗಸ್ಟ್‌ವರೆಗೆ. ಅಕ್ಟೋಬರ್‌ಲಿ ಕೊಯ್ಲು ಆದ್ಮೇಲೆ ಮುಂದಿನ ಮೇ ತಿಂಗಳವರೆಗೂ ನೆಲದಲ್ಲಿ ಜೀವ ಇರೋ ಬೇರೇ ಇರಲ್ಲ, ಆದ್ರೆ ಹಿಮ ಕರಗೋದು, ವಸಂತದ ಮಳೆ ಬರೋದು ಎಲ್ಲ ಅದೇ ಟೈಮಲ್ಲಿ. ಇದರ ಮೇಲೆ ಇನ್ನೊಂದಿದೆ, ಉತ್ತರ ಅಯೋವಾದ ನೆಲ ಮೊದಲು ಬರೀ ಜೌಗು, ಅದನ್ನ ಹೊಲ ಮಾಡೋಕೆ ಹಿಂದಿನವರು ಮೂರ್ನಾಲ್ಕು ಅಡಿ ಆಳದಲ್ಲಿ ಸುಟ್ಟ ಮಣ್ಣಿನ ಕೊಳವೆ ಹೂಳಿದ್ರು, ಈಗ ತೂತಿರೋ ಪ್ಲಾಸ್ಟಿಕ್ ಪೈಪ್ ಹೂಳ್ತಾರೆ. ನೀರು ಮಣ್ಣಲ್ಲಿ ನಿಧಾನಕ್ಕೆ ಇಂಗಿ ಸೋಸ್ಕೊಂಡು ಹೋಗೋ ಬದಲು ಸೀದಾ ಪೈಪಿಗೆ ಬಿದ್ದು ಕಾಲುವೆ, ಕಾಲುವೆಯಿಂದ ನದಿ, ನದಿಯಿಂದ ಡಿಮೊಯ್ನ್ ಜನರ ನಲ್ಲಿ.

ಅಮೆರಿಕದಲ್ಲಿ ಕುಡಿಯೋ ನೀರಿಗೆ ಮಿತಿ ಲೀಟರ್‌ಗೆ 10 ಮಿಲಿಗ್ರಾಂ, ನಮ್ಮಲ್ಲಿ 45 ಮಿಲಿಗ್ರಾಂ ಅಂತ ಓದಿ ನಮ್ಮೋರು ನಾಲ್ಕು ಪಟ್ಟು ಲೂಸ್ ಬಿಟ್ಟಿದಾರೆ ಅಂತ ಬೈಯೋರನ್ನ ನೋಡಿದೀನಿ. ಹಂಗಲ್ಲ, ಅವರು ಅಳೆಯೋದು ನೈಟ್ರೇಟ್ ಒಳಗಿನ ಸಾರಜನಕವನ್ನ ಮಾತ್ರ, ನಾವು ಅಳೆಯೋದು ಪೂರ್ತಿ ನೈಟ್ರೇಟನ್ನ, ಲೆಕ್ಕ ಹಾಕಿದ್ರೆ ಹತ್ತಿರ ಹತ್ತಿರ ಎರಡೂ ಒಂದೇ. ಬೈಬೇಕು ಅಂತಿದ್ರೆ ಬೇರೆ ಕಾರಣ ಇದೆ, ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿ ಪ್ರಕಾರ ಕರ್ನಾಟಕದಲ್ಲಿ ತೆಗೆದ ಸ್ಯಾಂಪಲ್‌ಗಳಲ್ಲಿ ಶೇ 48 ಆ ಮಿತಿ ದಾಟಿದ್ವು, ದೇಶದಲ್ಲಿ ನಮಗಿಂತ ಮುಂದೆ ಇದ್ದಿದ್ದು ರಾಜಸ್ಥಾನ ಒಂದೇ. ನಮ್ಮಲ್ಲಿ ಇದರಲ್ಲಿ ಗೊಬ್ಬರದ ಜೊತೆ ಚರಂಡಿ, ಪಿಟ್ ಗುಂಡಿಗಳ ಪಾಲೂ ಇದೆ, ಆ ವಿಷಯ ಇನ್ನೊಂದಿನಕ್ಕೆ.

ಈಗ ಯೂನಿವರ್ಸಿಟಿಗೆ ಬರೋಣ. 1862ರಲ್ಲಿ ಅಮೆರಿಕದಲ್ಲಿ ಮಾರಿಲ್ ಕಾಯ್ದೆ ಅಂತ ಒಂದು ಬಂತು, ಕೇಂದ್ರ ಸರ್ಕಾರ ಪ್ರತಿ ರಾಜ್ಯಕ್ಕೂ ಇಷ್ಟು ಜಮೀನು ಅಂತ ಕೊಡುತ್ತೆ, ರಾಜ್ಯ ಅದನ್ನ ಮಾರಿ ಬಂದ ದುಡ್ಡಲ್ಲಿ ವ್ಯವಸಾಯ, ಎಂಜಿನಿಯರಿಂಗ್ ಕಲಿಸೋ ಕಾಲೇಜು ನಡೆಸಬೇಕು. ಅದಕ್ಕೇ ಅವುಗಳಿಗೆ ಲ್ಯಾಂಡ್ ಗ್ರಾಂಟ್ ಅಂತ ಹೆಸರು. ಆ ಷರತ್ತಿಗೆ ಮೊದಲು ಒಪ್ಪಿದ ರಾಜ್ಯ ಅಯೋವಾನೇ. 1887ರಲ್ಲಿ ಪ್ರಯೋಗ ಕೇಂದ್ರಗಳು ಸೇರಿದ್ವು, 1914ರಲ್ಲಿ ರೈತರ ಹತ್ರ ಹೋಗಿ ಹೇಳ್ಕೊಡೋ ವಿಸ್ತರಣಾ ವಿಭಾಗ ಸೇರ್ತು. ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನ ಕೆಳಗೆ. ಇದು ನಮಗೆ ಹೊಸದೇನಲ್ಲ, 1964ರಲ್ಲಿ ಶುರುವಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಇದೇ ಅಚ್ಚಲ್ಲಿ ಎರಕ ಹೊಯ್ದಿದ್ದು, ಟೆನೆಸಿ ಯೂನಿವರ್ಸಿಟಿಯವರು ಬಂದು ಕೈ ಜೋಡಿಸಿದ್ರು. ಹಂಗಾಗಿ ಏಮ್ಸ್‌ನಲ್ಲಿ ಆಗೋದು ಆ ವಿವಿಯ ಕ್ಯಾಂಪಸ್ಸುಗಳಾದ ಹೆಬ್ಬಾಳಕ್ಕೆ, ಜಿಕೆವಿಕೆಗೆ ದೂರದ ನೆಂಟರ ಮನೆ ಸುದ್ದಿ ಇದ್ದಂಗೆ.

ಈ ಅಚ್ಚಲ್ಲಿ ಒಂದು ತೊಡಕಿದೆ. ಕಳೆ ನೋಡೋರು ಒಂದು ಡಿಪಾರ್ಟ್‌ಮೆಂಟು, ಕೀಟ ನೋಡೋರು ಇನ್ನೊಂದು, ಮಣ್ಣು ಮತ್ತೊಂದು, ಎಕನಾಮಿಕ್ಸ್ ಬೇರೆ ಬಿಲ್ಡಿಂಗು. ಕಳೆಯವರು ಕಳೆನಾಶಕ ಹೇಳಿದ್ರು, ಮಣ್ಣಿನವರು ಸಾರಜನಕ ಹೇಳಿದ್ರು, ಎಲ್ಲಾರೂ ಅವರವರ ಲೆಕ್ಕದಲ್ಲಿ ಸರಿ, ಆದ್ರೆ ಇದನ್ನೆಲ್ಲ ಒಟ್ಟಿಗೆ ಹಾಕಿದ್ರೆ ಊರ ಬಾವಿಗೆ ಏನಾಗುತ್ತೆ ಅಂತ ಕೇಳೋಕೆ ಯಾವ ಡಿಪಾರ್ಟ್‌ಮೆಂಟೂ ಇಲ್ಲ. 1980ರ ದಶಕದ ಶುರುನಲ್ಲಿ ಅಯೋವಾದ ಈಶಾನ್ಯ ಮೂಲೆಯ ಬಿಗ್ ಸ್ಪ್ರಿಂಗ್ ಅನ್ನೋ ದೊಡ್ಡ ಒರತೆ ಸುತ್ತ ವಿಜ್ಞಾನಿಗಳು ಅಳೆದು ನೋಡಿದಾಗ ಗೊತ್ತಾಯ್ತು. ಅಲ್ಲಿ ಸುಣ್ಣಕಲ್ಲಿನ ನೆಲ, ಬಿರುಕು ತೂತು ಜಾಸ್ತಿ, ಹೊಲದಲ್ಲಿ ಹಾಕಿದ್ದು ಬೇಗ ಒರತೆಗೆ ಬರುತ್ತೆ, ಗೊಬ್ಬರದ ಬಳಕೆ ಏರಿದ ಹಂಗೇ ನೀರಲ್ಲಿ ನೈಟ್ರೇಟೂ ಏರಿತ್ತು, ಜೊತೆಗೆ ಕಳೆನಾಶಕದ ಅಂಶ. ಅದೇ ಹೊತ್ತಿಗೆ ರೈತರ ಸಾಲದ ಬಿಕ್ಕಟ್ಟು, ಜಮೀನಿನ ಬೆಲೆ ಕೆಲವೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಬಿತ್ತು, ಮನೆ ಟ್ರ್ಯಾಕ್ಟರ್ ಎಲ್ಲ ಹರಾಜು. ಜಾಸ್ತಿ ಹಾಕು ಜಾಸ್ತಿ ಬೆಳಿ ಅನ್ನೋ ಮಾತಿನ ಮೇಲೆ ರೈತರಿಗೇ ಡೌಟ್ ಬಂದಿತ್ತು.

ಇಲ್ಲಿ ಯೂನಿವರ್ಸಿಟಿಗಿಂತ ಮೊದಲು ಎದ್ದಿದ್ದು ರೈತರು, ಈ ಭಾಗ ನನಗೆ ಬಹಳ ಇಷ್ಟ. ಅಯೋವಾದ ಬೂನ್ ಅನ್ನೋ ಊರಿನ ಹತ್ರದ ಡಿಕ್ ಮತ್ತೆ ಶ್ಯಾರನ್ ಥಾಂಪ್ಸನ್ ದಂಪತಿ ಮತ್ತೆ ಇನ್ನಷ್ಟು ಜನ ಸೇರಿ 1985ರಲ್ಲಿ ಪ್ರಾಕ್ಟಿಕಲ್ ಫಾರ್ಮರ್ಸ್ ಆಫ್ ಅಯೋವಾ ಅಂತ ಸಂಘ ಕಟ್ಟಿದ್ರು. ಅವರು ಮಾಡಿದ ಜಾಣತನ ಏನಂದ್ರೆ, ನಮ್ಮ ಪದ್ಧತಿ ಒಳ್ಳೇದು ಅಂತ ಬರೀ ಬಾಯಲ್ಲಿ ಹೇಳ್ಕೊಂಡು ತಿರುಗಲಿಲ್ಲ, ತಮ್ಮ ಹೊಲದಲ್ಲೇ ಉದ್ದುದ್ದ ಪಟ್ಟಿ ಮಾಡಿ, ಪಕ್ಕಪಕ್ಕ ಎರಡು ಪದ್ಧತಿ ಇಟ್ಟು, ಅಂಥ ಜೋಡಿಗಳನ್ನ ಹೊಲದುದ್ದಕ್ಕೂ ಆರು ಸಲ ಮಾಡಿ, ಎಡ ಯಾವುದು ಬಲ ಯಾವುದು ಅಂತ ಚೀಟಿ ಎತ್ತಿದಂಗೆ ಹಂಚಿ, ತೂಕ ಮಾಡಿ ಇಟ್ರು. ಒಂದು ಮೂಲೆಲಿ ಫಸಲು ಚೆನ್ನಾಗಿ ಬಂದ್ರೆ ಅದು ಪದ್ಧತಿಯಿಂದಾನೋ ಅಲ್ಲಿ ತಿಪ್ಪೆ ಇತ್ತು ಅಂತಾನೋ ಯಾರಿಗೊತ್ತು, ಆರು ಕಡೆ ಹಂಗೇ ಬಂದ್ರೆ ಮಾತು ಬೇರೆ. ಈ ಲೆಕ್ಕ ಪ್ರೊಫೆಸರ್‌ಗಳಿಗೆ ಅರ್ಥ ಆಗೋ ಭಾಷೇಲಿತ್ತು, ಅವರು ತಳ್ಳಿ ಹಾಕೋಕೆ ಆಗಲಿಲ್ಲ.

ದುಡ್ಡು ಬಂದಿದ್ದು 1987ರಲ್ಲಿ. ಅಂತರ್ಜಲ ಸಂರಕ್ಷಣೆಗೆ ಅಂತ ಅಯೋವಾ ವಿಧಾನಸಭೆ ಒಂದು ಕಾಯ್ದೆ ಮಾಡ್ತು. ಪಾಲ್ ಜಾನ್ಸನ್, ಡೇವಿಡ್ ಆಸ್ಟರ್‌ಬರ್ಗ್, ರಾಲ್ಫ್ ರೋಸನ್‌ಬರ್ಗ್ ಅನ್ನೋ ಮೂರು ಜನ ಶಾಸಕರು ಅದರ ಹಿಂದೆ ಬಿದ್ದಿದ್ರು. ಸಾರಜನಕ ಗೊಬ್ಬರದ ಮೇಲೆ ಟನ್ನಿಗೆ ಇಷ್ಟು ಅಂತ ಚಿಲ್ಲರೆ ಫೀಸು, ಕೀಟನಾಶಕ ಕಳೆನಾಶಕಗಳ ರಿಜಿಸ್ಟ್ರೇಷನ್ ಮೇಲೆ ಫೀಸು, ಆ ದುಡ್ಡಲ್ಲಿ ಒಂದು ಪಾಲು ಅಯೋವಾ ಸ್ಟೇಟ್ ಯೂನಿವರ್ಸಿಟಿಲಿ ಹೊಸದಾಗಿ ಶುರುವಾಗೋ ಕೇಂದ್ರಕ್ಕೆ. ಅದಕ್ಕೆ ಅಯೋವಾದ ಬರ್ಲಿಂಗ್ಟನ್‌ನಲ್ಲಿ ಹುಟ್ಟಿದ ಅರಣ್ಯತಜ್ಞ ಆಲ್ಡೊ ಲಿಯೋಪೋಲ್ಡ್ ಹೆಸರಿಟ್ರು, ಲಿಯೋಪೋಲ್ಡ್ ಸೆಂಟರ್. ಸಹಿ ಹಾಕಿದ ಗವರ್ನರ್ ಟೆರಿ ಬ್ರಾನ್‌ಸ್ಟಡ್, ಈ ಹೆಸರು ನೆನಪಲ್ಲಿಟ್ಕೊಳ್ಳಿ, ಮತ್ತೆ ಬರುತ್ತೆ.

ಈ ಫೀಸಿನ ಐಡಿಯಾ ಯಾಕೆ ಚಂದ ಅಂದ್ರೆ, ಫೀಸು ಎಷ್ಟು ಸಣ್ಣದು ಅಂದ್ರೆ ರೈತರು ಗೊಬ್ಬರ ಕಮ್ಮಿ ಮಾಡೋಕೆ ಅದು ಕಾರಣನೇ ಆಗಲ್ಲ, ಆದ್ರೆ ಗೊಬ್ಬರ ಮಾರಾಟ ಇರೋವರೆಗೂ ಗೊಬ್ಬರದ ಪರಿಣಾಮ ಅಳೆಯೋಕೆ ದುಡ್ಡು ತಾನಾಗೇ ಬರ್ತಿರುತ್ತೆ. ಮಾಮೂಲಿ ಸಂಶೋಧನೆಗೆ ದುಡ್ಡು ಎಲ್ಲಿಂದ ಬರುತ್ತೆ ನೋಡಿ, ಬೀಜದ ಕಂಪನಿ ಬೀಜ ಟ್ರಯಲ್‌ಗೆ ಕೊಡುತ್ತೆ, ಔಷಧಿ ಕಂಪನಿ ಔಷಧಿ ಟ್ರಯಲ್‌ಗೆ ಕೊಡುತ್ತೆ, ತಪ್ಪೇನಿಲ್ಲ, ಆದ್ರೆ ಔಷಧಿ ಹೊಡೀದೇ ಇದ್ರೆ ಏನಾಗುತ್ತೆ ಅನ್ನೋ ಟ್ರಯಲ್‌ಗೆ ಯಾವ ಕಂಪನಿ ಕೊಡುತ್ತೆ? ಮಾರೋಕೆ ಏನೂ ಇಲ್ಲದ ಜ್ಞಾನ ಅದು. ಲಿಯೋಪೋಲ್ಡ್ ಸೆಂಟರ್ ಆ ಜಾಗ ತುಂಬ್ತು. ಒಂದೇ ಡಿಪಾರ್ಟ್‌ಮೆಂಟಿನ ಒಬ್ಬರಿಗೆ ದುಡ್ಡು ಕೊಡೋ ಬದಲು ಬೇರೆ ಬೇರೆ ಡಿಪಾರ್ಟ್‌ಮೆಂಟಿನೋರು, ರೈತರು ಸೇರಿದ ತಂಡಗಳನ್ನ ಕಟ್ಟಿಸ್ತು, ಒಂದು ಬಿಲ್ಡಿಂಗಿಂದ ಇನ್ನೊಂದು ಬಿಲ್ಡಿಂಗಿಗೆ ಜನ ಓಡಾಡೋಕೆ ಶುರು ಮಾಡಿದ್ದು ಹಂಗೆ.

ಅದೇ ಕಾಲದಲ್ಲಿ ಅದೇ ಯೂನಿವರ್ಸಿಟಿಲಿ ಆಲ್ಫ್ರೆಡ್ ಬ್ಲಾಕ್ಮರ್ ಅನ್ನೋ ಮಣ್ಣಿನ ವಿಜ್ಞಾನಿ ಒಂದು ಸಿಂಪಲ್ ಟೆಸ್ಟ್ ಮಾಡಿಕೊಟ್ರು. ಮುಸುಕಿನ ಜೋಳ ಗೇಣುದ್ದಕ್ಕೆ, ಅಂದ್ರೆ 6ರಿಂದ 12 ಇಂಚಿಗೆ ಬಂದಾಗ ಮೇಲಿನ ಒಂದಡಿ ಮಣ್ಣು ತೆಗೆದು ನೈಟ್ರೇಟ್ ಅಳಿ, 25 ಪಿಪಿಎಂ (ಹತ್ತು ಲಕ್ಷಕ್ಕೆ 25 ಪಾಲು) ಮೇಲಿದ್ರೆ ಇನ್ನು ಗೊಬ್ಬರ ಹಾಕೋದೇ ಬೇಡ. ಯಾಕೆ ಅಷ್ಟು ತಡವಾಗಿ ಅಂದ್ರೆ, ಬಿತ್ತನೆಗೆ ಮುಂಚೆ ಅಳೆದ್ರೆ ಆಮೇಲಿನ ಮಳೆಗೆ ಎಷ್ಟು ಕೊಚ್ಕೊಂಡು ಹೋಗುತ್ತೆ ಅಂತ ಗೊತ್ತಿರಲ್ಲ, ಗಿಡ ಕೇಳೋ ಹೊತ್ತಿಗೆ ಸರಿಯಾಗಿ ಅಳೆದ್ರೆ ಊಹೆ ಕಮ್ಮಿ. ಹೆದ್ರಿಕೆಗೆ ಇನ್ನೊಂದು ಮೂಟೆ ಜಾಸ್ತಿ ಹಾಕೋ ಅಭ್ಯಾಸ ಎಲ್ಲಾ ಕಡೆ ಇರೋದೇ, ನಮ್ಮ ತಾತನೂ ಹಾಕೋರು.

2001ರಲ್ಲಿ ಡಿಗ್ರಿ ಶುರುವಾಯ್ತು. ರಿಕಾರ್ಡೊ ಸಾಲ್ವಡಾರ್ ಅದರ ಮೊದಲ ಮುಖ್ಯಸ್ಥ, ಅದಕ್ಕೂ ಮುಂಚೆ ಅವರು ಸ್ಟೂಡೆಂಟ್ಸ್ ಜೊತೆ ಸೇರಿ ಸಾವಯವ ತೋಟ ಒಂದನ್ನ ಕಟ್ಟಿದ್ರು, ನಡೆಸ್ತಿದ್ದಿದ್ದು ಸ್ಟೂಡೆಂಟ್ಸೇ. ಈ ಡಿಗ್ರಿಗೆ ಹೊಸ ಡಿಪಾರ್ಟ್‌ಮೆಂಟ್ ಅಂತ ಕಟ್ಟಲಿಲ್ಲ, ಬೇಸಾಯ, ಕೀಟ, ಸಮಾಜಶಾಸ್ತ್ರ ಎಲ್ಲಾ ಕಡೆಯಿಂದ ಮೇಷ್ಟ್ರುಗಳು ಬಂದು ನಡೆಸೋದು, ಸ್ಟೂಡೆಂಟ್ಸ್‌ಗೂ ಅವರವರ ಮನೆ ಡಿಪಾರ್ಟ್‌ಮೆಂಟ್ ಒಂದಿರುತ್ತೆ. ಇದರಲ್ಲಿ ಲಾಭನೂ ಇದೆ ನಷ್ಟನೂ ಇದೆ, ಲಾಭ ಅಂದ್ರೆ ಯಾವ ಡಿಪಾರ್ಟ್‌ಮೆಂಟೂ ಇದನ್ನ ದಾಯಾದಿ ಅಂತ ನೋಡಲ್ಲ, ನಷ್ಟ ಅಂದ್ರೆ ಎಲ್ಲಾರ ಮನೆ ನೆಂಟನಿಗೆ ಸ್ವಂತ ಮನೆ ಅಂತ ಇರಲ್ಲ. ಕೋರ್ಸ್‌ಗಳಲ್ಲಿ ಒಂದು ಪೂರ್ತಿ ಹೊಲದ್ದೇ, ಹುಡುಗ್ರನ್ನ ಕರ್ಕೊಂಡು ಫಾರ್ಮಿಂದ ಫಾರ್ಮಿಗೆ ಸುತ್ತಿಸ್ತಾರೆ. ಇಳುವರಿ, ಮಣ್ಣು, ಲಾಭದ ಲೆಕ್ಕ, ಕೆಲಸದ ಹೊರೆ ಎಲ್ಲ ಸೇರಿಸಿ ಒಂದು ಫಾರ್ಮನ್ನ ಪೂರ್ತಿ ನೋಡೋದು ಹೆಂಗೆ ಅಂತ ಕಲಿಯೋದೇ ಪಾಠ.

ಆದ್ರೆ ನನ್ನ ಪ್ರಕಾರ ಈ ಪ್ರೋಗ್ರಾಮಿನ ನಿಜವಾದ ಆಸ್ತಿ ಬೂನ್ ಕೌಂಟಿಯ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ಮಾರ್ಸ್‌ಡನ್ ಫಾರ್ಮಲ್ಲಿರೋ 22 ಎಕರೆ. ಹೆನ್ರಿ ವಾಲೆಸ್ ಹೆಸರಿನ ಸುಸ್ಥಿರ ಕೃಷಿ ಪೀಠದಲ್ಲಿದ್ದ ಮ್ಯಾಟ್ ಲೀಬ್‌ಮನ್ ಮತ್ತೆ ಅವರ ಜೊತೆಯವರು ಅಲ್ಲಿ 2001ರಲ್ಲಿ ನೆಲ ಹದ ಮಾಡೋಕೆ ಶುರು ಮಾಡಿದ್ರು. ಮೂರು ಪದ್ಧತಿ ಇಟ್ರು. ಒಂದು, ಮಾಮೂಲಿ ಎರಡು ವರ್ಷದ್ದು: ಮುಸುಕಿನ ಜೋಳ (ಇನ್ನು ಮುಂದೆ ಬರೀ ಜೋಳ ಅಂತೀನಿ), ಸೋಯಾ. ಎರಡನೇದು ಮೂರು ವರ್ಷದ್ದು: ಜೋಳ, ಸೋಯಾ, ಆಮೇಲೆ ಓಟ್ಸ್‌ನಂಥ ಸಣ್ಣ ಕಾಳಿನ ಬೆಳೆ, ಅದರ ಕೆಳಗೇ ರೆಡ್ ಕ್ಲೋವರ್ ಅನ್ನೋ ಹಸಿರೆಲೆ ಗೊಬ್ಬರದ ಗಿಡ. ಮೂರನೇದು ನಾಲ್ಕು ವರ್ಷದ್ದು: ಜೋಳ, ಸೋಯಾ, ಓಟ್ಸ್ ಜೊತೆ ಅಲ್ಫಾಲ್ಫಾ, ನಾಲ್ಕನೇ ವರ್ಷ ಪೂರ್ತಿ ಅಲ್ಫಾಲ್ಫಾ. ಅಲ್ಫಾಲ್ಫಾ ಅಂದ್ರೆ ನಮ್ಮಲ್ಲಿ ಹಸುಗೆ ಹಾಕ್ತೀವಲ್ಲ ಕುದುರೆಮಸಾಲೆ ಸೊಪ್ಪು, ಅದೇ. ಉದ್ದದ ಎರಡೂ ಪದ್ಧತಿಲಿ ಜೋಳಕ್ಕೆ ಮುಂಚೆ ಕೊಟ್ಟಿಗೆ ಗೊಬ್ಬರ.

ಈಗ ನೋಡಿ ತಾಕುಗಳ, ಅಂದ್ರೆ ಪ್ರಯೋಗದ ತುಂಡು ಹೊಲಗಳ ಲೆಕ್ಕ. ಎರಡು, ಮೂರು, ನಾಲ್ಕು ಕೂಡಿದ್ರೆ 9. ಯಾಕೆ ಕೂಡಬೇಕು ಅಂದ್ರೆ ನಾಲ್ಕು ವರ್ಷದ ಪದ್ಧತಿಯನ್ನ ಒಂದೇ ತಾಕಲ್ಲಿ ಮಾಡಿದ್ರೆ ಜೋಳ ನೋಡೋಕೆ ಸಿಗೋದು ನಾಲ್ಕು ವರ್ಷಕ್ಕೊಮ್ಮೆ, ಆ ವರ್ಷನೇ ಬರ ಬಂದ್ರೆ ಪದ್ಧತಿ ಕೆಟ್ಟದ್ದು ಅಂತ ತಪ್ಪು ತಿಳ್ಕೋತೀವಿ. ಹಂಗಾಗಿ ಪದ್ಧತಿಯ ಪ್ರತಿ ಹಂತವೂ ಪ್ರತಿ ವರ್ಷವೂ ನೆಲದ ಮೇಲೆ ಇರಲೇಬೇಕು. ಆ 9ನ್ನ ನಾಲ್ಕು ಕಡೆ ಮಾಡಿದ್ರೆ 36 ತಾಕು, ಒಂದೊಂದೂ 18 ಮೀಟರ್ ಅಗಲ 85 ಮೀಟರ್ ಉದ್ದ, ನಮ್ಮ ಲೆಕ್ಕದಲ್ಲಿ ಸುಮಾರು 15 ಗುಂಟೆ. ಮಾಮೂಲಿ ಪ್ರಯೋಗದ ತಾಕು ಇದರ ಪಕ್ಕ ಕೈತೋಟ ಇದ್ದಂಗೆ, ಇಲ್ಲಿ ರೈತರ ಟ್ರ್ಯಾಕ್ಟರ್ರೇ ಓಡಾಡುತ್ತೆ.

2003ರಿಂದ 2011ರವರೆಗಿನ ಲೆಕ್ಕವನ್ನ 2012ರಲ್ಲಿ ಪ್ರಕಟ ಮಾಡಿದ್ರು. ಉದ್ದದ ಪದ್ಧತಿಗಳಲ್ಲಿ ಜೋಳದ ಇಳುವರಿ ಸರಾಸರಿ ಶೇ 4, ಸೋಯಾ ಶೇ 9 ಜಾಸ್ತಿ. ಅಂಗಡಿ ಸಾರಜನಕ, ಕಳೆನಾಶಕ ಶೇ 88ರವರೆಗೂ ಕಮ್ಮಿ. ನೀರಿನ ಜೀವಿಗಳ ಮೇಲೆ ಕಳೆನಾಶಕದ ವಿಷ ಎಷ್ಟು ಅಂತ ಲೆಕ್ಕ ಹಾಕಿದ್ರೆ ಸುಮಾರು 200 ಪಟ್ಟು ಕಮ್ಮಿ. ಲಾಭ? ಹೆಚ್ಚು ಕಮ್ಮಿ ಅಷ್ಟೇ. ಕೆಲಸ ಮಾತ್ರ ಜಾಸ್ತಿ, ಅದನ್ನೂ ಮುಚ್ಚಿಡದೆ ಬರೆದಿದ್ರು. ಗಮನಿಸಿ, ಇದು ಸಾವಯವ ಅಲ್ಲ, ಬೇಕಾದಾಗ ಗೊಬ್ಬರನೂ ಹಾಕ್ತಾರೆ, ಔಷಧಿನೂ ಹೊಡೀತಾರೆ, ಆದ್ರೆ ಹೊಲ ಪೂರ್ತಿ ಹೊಡೆಯೋ ಬದಲು ಸಾಲಿನ ಮೇಲೆ ಮಾತ್ರ ಪಟ್ಟಿ ಹೊಡೆದು ನಡುವೆ ಎಡೆಕುಂಟೆ ಹೊಡೀತಾರೆ.

ಕಳೆನಾಶಕ ಅಷ್ಟು ಕಮ್ಮಿ ಮಾಡಿದ್ರೂ ಕಳೆ ಯಾಕೆ ಏರಲಿಲ್ಲ ಅನ್ನೋದಕ್ಕೆ ಅವರು ಕೊಟ್ಟ ಉತ್ತರ ಓದಿ ನಾನು ಎದ್ದು ಕೂತ್ಕೊಂಡೆ. ಅಲ್ಲಿ ವೆಲ್ವೆಟ್‌ಲೀಫ್ ಅಂತ ಒಂದು ಕಳೆ ಇದೆ, ನಮ್ಮ ಬೇಲಿ ಪಕ್ಕ ಬೆಳೆಯೋ ಶ್ರೀಮುದ್ರೆ ಗಿಡದ ಹತ್ತಿರದ ನೆಂಟ, ಬೀಜ ಮಣ್ಣಲ್ಲಿ ಹೂತ್ಕೊಂಡ್ರೆ ದಶಕಗಟ್ಟಲೆ ಕಾಯುತ್ತೆ. ಅವರು ಇಂಥ ಬೀಜಗಳನ್ನ ಎಣಿಸಿ ಹೊಲದಲ್ಲಿಟ್ಟು, ಆಮೇಲೆ ಬಂದು ಎಷ್ಟು ಉಳೀತು ಅಂತ ಎಣಿಸಿದ್ರು. ಬೀಜ ಮಾಯ! ತಿಂದಿದ್ದು ಯಾರು ಅಂದ್ರೆ ಹೊಲದ ಇಲಿ ಮತ್ತೆ ಕರೀ ಮಿಡತೆಯಂಥ ಕ್ರಿಕೆಟ್ ಹುಳ, ರಾತ್ರಿ ಹೊತ್ತು ಕಿರ್ ಅಂತಾವಲ್ಲ ಅವು. ಇಲಿ ಬಯಲಲ್ಲಿ ಓಡಾಡಲ್ಲ, ಮೇಲೆ ಗೂಬೆ ಇರುತ್ತೆ. ಓಟ್ಸ್ ಕೆಳಗೆ ಕ್ಲೋವರ್ ದಟ್ಟವಾಗಿ ಹಬ್ಬಿದ್ರೆ ಅದು ಇಲಿಗೆ ಚಪ್ಪರ. ಜೋಳ ಸೋಯಾ ಹೊಲದಲ್ಲಿ ನೆಲ ಬರಿದಾಗಿರೋ ತಿಂಗಳುಗಳಲ್ಲಿ ಇಲ್ಲಿ ಊಟ ನಡೀತಿರುತ್ತೆ. ಅದರ ಜೊತೆಗೆ ಬಿತ್ತನೆ ಟೈಮು ಬದಲಾಗೋದ್ರಿಂದ ಒಂದೊಂದು ವರ್ಷ ಒಂದೊಂದು ಕಳೆಗೆ ಏಟು, ಅಲ್ಫಾಲ್ಫಾ ವರ್ಷ ಪದೇ ಪದೇ ಕೊಯ್ಯೋದ್ರಿಂದ ಕಳೆ ಬೀಜ ಕಟ್ಟೋಕೇ ಬಿಡಲ್ಲ. ಒಂದು ದೊಡ್ಡ ಸುತ್ತಿಗೆ ಬದಲು ಸಣ್ಣ ಸಣ್ಣ ಸುತ್ತಿಗೆ ಬಹಳ ಅಂತ ಲೀಬ್‌ಮನ್ ಇದನ್ನ ಕರೀತಾರೆ.

ನಮ್ಮ ಕಡೆ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡೋರಲ್ಲ, ಇಷ್ಟು ಸಾಲು ರಾಗಿ ಆದ್ಮೇಲೆ ಒಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು, ಅದನ್ನ ನೋಡಿ ಬೆಳೆದೋರಿಗೆ ಇದು ಗೊತ್ತಿರೋ ವಿಷಯನೇ ಅನ್ನಿಸುತ್ತೆ. ಆದ್ರೆ ಎರಡೂ ಒಂದೇ ಅಲ್ಲ, ಅಕ್ಕಡಿ ಅಂದ್ರೆ ಒಂದೇ ಟೈಮಲ್ಲಿ ಬೇರೆ ಬೇರೆ ಬೆಳೆ ಪಕ್ಕಪಕ್ಕ, ಇದು ಒಂದೇ ಜಾಗದಲ್ಲಿ ಬೇರೆ ಬೇರೆ ಬೆಳೆ ಒಂದರ ಹಿಂದೆ ಒಂದು. ನಮಗೆ ಮೊದಲೇ ಎಲ್ಲಾ ಗೊತ್ತಿತ್ತು ಅಂತ ಎದೆ ತಟ್ಕೊಳ್ಳೋಕೂ ಹೋಗ್ಬಾರ್ದು, ಗೊತ್ತಿದ್ದಿದ್ದನ್ನ ಒಂಬತ್ತು ವರ್ಷ ತೂಕ ಮಾಡಿ ಬರೆದಿಟ್ಟೋರು ಅವರು.

ಹಂಗಾದ್ರೆ ಅಯೋವಾ ರೈತರೆಲ್ಲ ಯಾಕೆ ಹಿಂಗೆ ಮಾಡಲ್ಲ? ಇಲ್ಲೇ ಆ ಡಿಗ್ರಿಲಿ ಎಕನಾಮಿಕ್ಸು, ಸಮಾಜಶಾಸ್ತ್ರ ಯಾಕೆ ಬೇಕು ಅನ್ನೋದು ಗೊತ್ತಾಗೋದು. ಅಯೋವಾದ ಸೀಡರ್ ರ್‍ಯಾಪಿಡ್ಸ್ ಊರಲ್ಲಿ ಕ್ವೇಕರ್ ಓಟ್ಸ್‌ನ ದೊಡ್ಡ ಮಿಲ್ಲಿದೆ, ನಮ್ಮ ಸೂಪರ್ ಮಾರ್ಕೆಟ್‌ಲೂ ಸಿಗೋ ಬ್ರ್ಯಾಂಡೇ, ಆ ಮಿಲ್ಲಿಗೆ ಓಟ್ಸ್ ಬಹುಪಾಲು ಬರೋದು ಕೆನಡಾದಿಂದ. ಮಿಲ್ಲಿನ ಸುತ್ತ ಕಣ್ಣು ಹಾಯೋವರೆಗೂ ಜೋಳ. ರೈತ ಓಟ್ಸ್ ಬೆಳೆದ್ರೆ ಊರ ಪಕ್ಕದ ಮಂಡಿಲಿ ಕೊಳ್ಳೋರಿಲ್ಲ, ಬೆಳೆ ವಿಮೆ ಗಟ್ಟಿಯಾಗಿ ಇರೋದು ಜೋಳ ಸೋಯಾಗೆ, ಸಾಕೋದು ಬಹುಪಾಲು ಶೆಡ್ಡಿನ ಹಂದಿ, ಅಲ್ಫಾಲ್ಫಾ ತಿನ್ನೋ ದನ ಹತ್ತಿರ ಕಮ್ಮಿ, ಅರ್ಧಕ್ಕೂ ಹೆಚ್ಚು ಜಮೀನು ಗುತ್ತಿಗೆದು, ಮುಂದಿನ ವರ್ಷ ಈ ಹೊಲ ಸಿಗುತ್ತೋ ಇಲ್ವೋ ಗೊತ್ತಿಲ್ಲದೋನು ನಾಲ್ಕು ವರ್ಷದ ಪ್ಲಾನ್ ಎಲ್ಲಿ ಮಾಡ್ತಾನೆ. ತಾಕಲ್ಲಿ ಗೆದ್ದಿದ್ದು ಮಂಡಿಲಿ ಸೋಲ್ತು.

ಇದನ್ನ ನೋಡಿನೋ ಏನೋ, ಅದೇ ಯೂನಿವರ್ಸಿಟಿಯ ಇನ್ನೊಂದು ತಂಡ ಹಿಡಿದ ದಾರಿ ಸುಲಭದ್ದು. 2007ರಿಂದ ಅಯೋವಾದ ನೀಲ್ ಸ್ಮಿತ್ ವನ್ಯಜೀವಿ ಧಾಮದಲ್ಲಿ ಪ್ರಯೋಗ, ಲೀಸಾ ಶುಲ್ಟಿ ಮೂರ್ ಮತ್ತೆ ಜೊತೆಯವರದ್ದು. ಬೆಳೆ ಬದಲಾಯಿಸಬೇಡಿ, ಹೊಲದ ಶೇ 10 ಜಾಗದಲ್ಲಿ ಇಳಿಜಾರಿಗೆ ಅಡ್ಡವಾಗಿ ಹಳೇ ಕಾಲದ ಹುಲ್ಲುಗಾವಲಿನ ಗಿಡಗಳ ಪಟ್ಟಿ ಬಿಡಿ ಸಾಕು. ನಮ್ಮ ಬದುವಿನ ಥರ, ಆದ್ರೆ ಅಗಲ, ಆಳದ ಬೇರು, ಹೂವು. 2017ರಲ್ಲಿ ಬಂದ ಲೆಕ್ಕದಲ್ಲಿ ಹೊಲದಿಂದ ಹರಿದು ಹೋಗೋ ನೀರು ಶೇ 37 ಕಮ್ಮಿ, ಮಣ್ಣು 20 ಪಟ್ಟು ಜಾಸ್ತಿ ಉಳೀತು, ಪರಾಗಸ್ಪರ್ಶ ಮಾಡೋ ಕೀಟ ಮೂರೂವರೆ ಪಟ್ಟು. 2018ರ ಫಾರ್ಮ್ ಬಿಲ್ ಅನ್ನೋ ಅಮೆರಿಕದ ಕೃಷಿ ಕಾಯ್ದೆಲಿ ಇಂಥ ಪಟ್ಟಿಗೆ ಕೇಂದ್ರ ಸರ್ಕಾರದ ದುಡ್ಡೂ ಸಿಗೋ ಹಂಗಾಯ್ತು.

2017 ಅಂದ್ನಲ್ಲ, ಅದೇ ವರ್ಷ ಇನ್ನೊಂದಾಯ್ತು. ಡಿಮೊಯ್ನ್ ನೀರು ಸರಬರಾಜಿನವರು 2015ರಲ್ಲಿ ಮೇಲಿನ ಮೂರು ಕೌಂಟಿಗಳ ಡ್ರೈನೇಜ್ ಮಂಡಳಿಗಳ ಮೇಲೆ ನೈಟ್ರೇಟ್ ವಿಷಯಕ್ಕೆ ಹಾಕಿದ್ದ ಕೇಸು ಮಾರ್ಚ್‌ನಲ್ಲಿ ವಜಾ ಆಯ್ತು. ಊರು ಮತ್ತೆ ಹಳ್ಳಿ ನಡುವೆ ಮನಸ್ಸು ಕೆಟ್ಟಿತ್ತು. ಅದೇ ಸೆಷನ್ನಲ್ಲಿ ವಿಧಾನಸಭೆ ಲಿಯೋಪೋಲ್ಡ್ ಸೆಂಟರ್‌ಗೆ ಹೋಗ್ತಿದ್ದ ಫೀಸಿನ ದುಡ್ಡನ್ನ, ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗೂ ಮೇಲಿನದ್ದು, ತೆಗೆದುಬಿಡ್ತು, ಸೆಂಟರನ್ನೇ ಮುಚ್ಚಿ ಅಂತಾನೂ ಬರೀತು. ಸೆಂಟರ್ ಬಂದ ಕೆಲಸ ಮುಗೀತು, ಸುಸ್ಥಿರ ಕೃಷಿ ಈಗ ಎಲ್ಲಾರೂ ಮಾಡ್ತಿದಾರೆ ಅನ್ನೋದು ವಾದ. ಗವರ್ನರ್ ಮುಚ್ಚೋ ಭಾಗವನ್ನ ವೀಟೋ ಮಾಡಿ, ದುಡ್ಡು ತೆಗೆಯೋ ಭಾಗಕ್ಕೆ ಸಹಿ ಹಾಕಿದ್ರು. ಗವರ್ನರ್ ಯಾರು ಅಂದ್ರಾ? 1987ರಲ್ಲಿ ಹುಟ್ಟಿಸೋ ಕಾಯ್ದೆಗೆ ಸಹಿ ಹಾಕಿದ್ದ ಅದೇ ಟೆರಿ ಬ್ರಾನ್‌ಸ್ಟಡ್, ನಡುವೆ ಹನ್ನೆರಡು ವರ್ಷ ಬಿಟ್ಟು ಮತ್ತೆ ಬಂದಿದ್ರು. ಬೋರ್ಡ್ ಉಳೀತು, ಖಜಾನೆ ಹೋಯ್ತು.

ಡಿಗ್ರಿ ಮಾತ್ರ ಉಳ್ಕೊಳ್ತು, ತಾಕುಗಳೂ ಉಳ್ಕೊಂಡ್ವು. ಯಾಕೆ ಅಂದ್ರೆ ತಾಕಿಗೆ ವಯಸ್ಸಾದಷ್ಟೂ ಮುಟ್ಟೋಕೆ ಕೈ ನಡುಗುತ್ತೆ. ಪಕ್ಕದ ಇಲಿನಾಯ್ ಯೂನಿವರ್ಸಿಟಿ ಕ್ಯಾಂಪಸ್ ಮಧ್ಯದಲ್ಲಿ 1876ರಿಂದ ನಡೀತಿರೋ ಮಾರೋ ಪ್ಲಾಟ್ಸ್ ಅನ್ನೋ ಜೋಳದ ತಾಕುಗಳಿವೆ, ಅವುಗಳ ಪಕ್ಕ ಲೈಬ್ರರಿ ಕಟ್ಟಬೇಕಾಗಿ ಬಂದಾಗ ನೆರಳು ಬಿದ್ರೆ ಜೋಳಕ್ಕೆ ತೊಂದರೆ ಅಂತ ಪೂರ್ತಿ ಲೈಬ್ರರಿಯನ್ನ ನೆಲದ ಕೆಳಗೆ ಕಟ್ಟಿದ್ರು. ನಮ್ಮಲ್ಲಿ ರಿಂಗ್ ರೋಡಿಗೆ ಅಂತ ಮಾರ್ಕ್ ಮಾಡೋಕೆ ಬರೋರಿಗೆ ಇದನ್ನ ಹೇಳಿದ್ರೆ ನಗ್ತಾರೆ.

ನಮ್ಮಲ್ಲಿ ಅಂಥದ್ದು ಇಲ್ಲವೇ ಇಲ್ಲ ಅಂತಲ್ಲ. ಧಾರವಾಡ ಕೃಷಿ ವಿವಿಲಿ ಸಾವಯವ ಕೃಷಿಗೇ ಅಂತ ಸಂಸ್ಥೆ ಇದೆ. ಜಿಕೆವಿಕೆಲಿ ಮಳೆಯಾಶ್ರಿತ ರಾಗಿ ಮೇಲೆ ಒಂದು ಪ್ರಯೋಗ 1978ರಲ್ಲಿ ಶುರುವಾಗಿದ್ದು, ಕೆಲವು ತಾಕಿಗೆ ಬರೀ ರಾಸಾಯನಿಕ ಗೊಬ್ಬರ, ಕೆಲವಕ್ಕೆ ಬರೀ ಕೊಟ್ಟಿಗೆ ಗೊಬ್ಬರ ಹೆಕ್ಟೇರಿಗೆ 10 ಟನ್, ಕೆಲವಕ್ಕೆ ಎರಡೂ, ಒಂದಕ್ಕೆ ಏನೂ ಇಲ್ಲ. ನಮ್ಮ ಕೆಂಪು ಮಣ್ಣಲ್ಲಿ ಬರೀ ರಾಸಾಯನಿಕ ಹಾಕಿದ ತಾಕು ವರ್ಷ ಕಳೆದಂಗೆ ಸೊರಗ್ತಾ ಬಂತು, ಎರಡೂ ಸೇರಿಸಿ ಹಾಕಿದ ತಾಕು ಮೇಲೇ ಉಳೀತು. ಇಷ್ಟು ಹೇಳೋಕೆ ಎಷ್ಟು ಜನ ಎಷ್ಟು ವರ್ಷ ಪ್ರತಿ ಮುಂಗಾರಲ್ಲೂ ಅದೇ ತಾಕಿಗೆ ಅದೇ ಗೊಬ್ಬರ ತೂಗಿ ಹಾಕಿರ್ಬೇಕು ನೋಡಿ, ಸುತ್ತ ಯಲಹಂಕ ಪೂರ್ತಿ ಸೈಟ್ ಆಗ್ತಿರುವಾಗ.

ನವೆಂಬರ್‌ಲಿ ಕೃಷಿಮೇಳಕ್ಕೆ ಹೋದ್ರೆ ನಾವೆಲ್ಲ ಟ್ರ್ಯಾಕ್ಟರ್ ಸ್ಟಾಲು, ಮುದ್ದೆ ಊಟದ ಕ್ಯೂ ಅಂತ ಅಲ್ಲೇ ಸುತ್ತಿ ವಾಪಸ್ ಬರ್ತೀವಿ. ರಾಗಿ ತೆನೆ ಬಲಿತು ಬಾಗಿರೋ ಹೊತ್ತದು. ಈ ಸಲ ಮೊದಲು ಯಾರನ್ನಾದ್ರೂ ಹಿಡ್ಕೊಂಡು ಸಾರ್, ಆ 1978ರ ತಾಕು ಯಾವ ಕಡೆ ಅಂತ ಕೇಳಿ, ಏನೂ ಹಾಕದ ತಾಕಿನ ತೆನೆ ಮತ್ತೆ ಎರಡೂ ಹಾಕಿದ ತಾಕಿನ ತೆನೆ ಪಕ್ಕಪಕ್ಕ ನೋಡ್ಕೊಂಡು, ಆಮೇಲೆ ಮುದ್ದೆ.